ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ

"ಕೈ ಎತ್ತಿ ನಿಲ್ಲಿಸಿದ್ದು ಯಾರು?"

"ಉದಯಕುಮಾರ್ ಸಾರು."

"ಏನು ಕಂಡು?"

ಜೆಸಿಬಿ ಚಾಲಕ ಮೋಹನ್‌ಕುಮಾರ್ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಕೆನ್ನೆಯ ಒಂದು ಮೂಲೆಗೆ ತಳ್ಳಿ ಯೋಚಿಸಿದ. ಪೊಲೀಸರ ಮುಂದೆ ಉಗುಳಬಹುದೋ ಬಾರದೋ ತಿಳಿಯದೆ ಮೂರು ದಿನದಿಂದಲೂ ಹೀಗೇ ಒದ್ದಾಡುತ್ತಿದ್ದ.

"ಏನೂ ಕಂಡಿರ್ಲಿಲ್ಲ ಮೇಡಂ. ಅದೇ ನಂಗೂ ಅರ್ಥ ಆಗ್ದೆ ಇರೋದು. ಬರೀ ಮಣ್ಣು. ಸಾರು ಅಲ್ಲಿಂದ ಓಡ್ಬಂದು ನಿಲ್ಸು ನಿಲ್ಸು ಅಂದ್ರು. ನಾನು ಬಕೆಟ್ ಮೇಲೆತ್ತಿದೆ. ಅವ್ರು ಗುಂಡಿಗೆ ಇಳ್ದು ಬರಿಗೈಲೇ ಮಣ್ಣು ಸರ್ಸಿದ್ರು. ಆಮೇಲೆ ಕಾಣ್ತು ತಲೆ."

"ಮಣ್ಣು ಸಡಿಲ ಇತ್ತಾ?"

"ಎಲ್ಲಿ ಸಡಿಲ? ಕಬ್ಬಿಣ ಇದ್ದಂಗೈತೆ. ಬಕೆಟ್ಟಿನ ಹಲ್ಲು ಒಂದು ಮುರ್ದೋಯ್ತು, ಓನರ್ ಇನ್ನೂ ಬೈತಾವ್ನೆ. ಆ ಒಂದು ಗುಂಡಿ ಅಗಲ ಬಿಟ್ರೆ ಎಲ್ಲೂ ಮೆತ್ತಗಿಲ್ಲ."

ಸಬ್ ಇನ್ಸ್‌ಪೆಕ್ಟರ್ ಶಿಲ್ಪಶ್ರೀ ತಲೆಯಾಡಿಸಿದಳು. ಪಕ್ಕದಲ್ಲಿ ನಿಂತಿದ್ದ ಕಾನ್‌ಸ್ಟೆಬಲ್ ಮಧುಕುಮಾರ್ ಎಲ್ಲವನ್ನೂ ಬರೆದುಕೊಂಡ.

ಕಣಕಟ್ಟೆ ರಸ್ತೆಯ ಚಿಕ್ಕಬಸವೇಶ್ವರ ಕಾಲೇಜಿನಲ್ಲಿ ಹುಡುಗಿಯರ ಹಾಸ್ಟೆಲ್ಲಿಗೆ ಪಾಯ ತೆಗೆಯುವಾಗ ಹೆಣ್ಣೊಬ್ಬಳ ಅಸ್ಥಿಪಂಜರ ಸಿಕ್ಕಿ ಇಂದಿಗೆ ಮೂರು ದಿನ. ಮಲಗಿಸಿ ಹೂತದ್ದಲ್ಲ. ಗುಂಡಿಯೊಳಗೆ ಗೂಡು ಕೊರೆದು, ಪದ್ಮಾಸನ ಹಾಕಿಸಿ ಕೂರಿಸಿದ್ದರು. ಸುತ್ತ ವಿಭೂತಿ ಗಟ್ಟಿಗಳು. ಎಡಗೈಯ ಮೂಳೆಗಳ ನಡುವೆ ಒಂದು ಇಷ್ಟಲಿಂಗ. ವೀರಶೈವರ ಮನೆಯಲ್ಲಿ ತೀರಿಕೊಂಡವರನ್ನು ಹೇಗೆ ಸಮಾಧಿ ಮಾಡುತ್ತಾರೋ ಹಾಗೇ ಮಾಡಿದ್ದರು.

ಕೊಂದು ಹೆಣ ಮುಚ್ಚಿಡುವವನಿಗೆ ಇಷ್ಟೆಲ್ಲ ಶಾಸ್ತ್ರ ಮಾಡುವ ಪುರುಸೊತ್ತು ಎಲ್ಲಿಂದ ಬರಬೇಕು? ಅವನು ಗುಂಡಿಗೆ ತಳ್ಳಿ ಓಡುತ್ತಾನೆ. ಇದು ಯಾರೋ ಅಳುತ್ತಾ ಮಾಡಿದ ಕೆಲಸವೆಂದು ಶಿಲ್ಪಶ್ರೀಗೆ ಮೊದಲ ದಿನವೇ ಅನ್ನಿಸಿತ್ತು.

ಅವಳಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಅಸ್ಥಿಪಂಜರದ ಬಲ ಮುಂಗೈ ಮೂಳೆಗೆ ಡಾಕ್ಟರು ಯಾವತ್ತೋ ಒಂದು ಸ್ಟೀಲಿನ ಪಟ್ಟಿ ಕೂರಿಸಿದ್ದರು. ಆ ಕೈ ಮುರಿದ ದಿನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತಿದ್ದವಳು ಶಿಲ್ಪಶ್ರೀ. ತುಳಿಯುತ್ತಿದ್ದವಳು ಅಕ್ಕ ನಯನಾ. ಬೀಳುವಾಗ ತಂಗಿಗೆ ಪೆಟ್ಟಾಗದಿರಲೆಂದು ಅವಳೇ ಕೈ ಅಡ್ಡ ಕೊಟ್ಟಿದ್ದಳು.

ಶಿಲ್ಪಶ್ರೀ ಏಳನೇ ಕ್ಲಾಸು ಮುಗಿಸಿ ಬೇಸಿಗೆ ರಜಕ್ಕೆ ಬೇಲೂರಿನ ಅಜ್ಜಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಮನೆಯಲ್ಲಿ ಅಕ್ಕ ಇರಲಿಲ್ಲ. ಅರಸೀಕೆರೆಯ ಗೆಳತಿಯ ಮನೆಗೆಂದು ಹೋದವಳು ತಿರುಗಿ ಬಂದಿಲ್ಲ ಎಂದರು. ಅಪ್ಪ ಕೃಷ್ಣಪ್ಪ ಮಗಳ ಫೋಟೋ ಹಿಡಿದು ಅರಸೀಕೆರೆ, ತಿಪಟೂರು, ಹಾಸನ, ಮೈಸೂರು ಎಂದು ಕಂಡ ಕಂಡ ಬಸ್ ಸ್ಟ್ಯಾಂಡುಗಳನ್ನೆಲ್ಲ ಸುತ್ತಿದ. ವರ್ಷಗಟ್ಟಲೆ ಸುತ್ತಿದ. ಅಮ್ಮ ಬೋರಮ್ಮ ಒಂದು ದಿನವೂ ಅವನ ಜೊತೆ ಹೋಗಲಿಲ್ಲ. ಕಾಲೇಜಿಗೆ ಅಂಟಿಕೊಂಡಿದ್ದ ತಮ್ಮ ತೋಟದ ಬೇಲಿ ಪಕ್ಕ ದನ ಮೇಯಿಸುತ್ತಾ ಕೂತಿರುತ್ತಿದ್ದಳು. ಅದಕ್ಕಾಗಿ ಶಿಲ್ಪಶ್ರೀ ಅಮ್ಮನ ಮೇಲೆ ಒಳಗೊಳಗೇ ಬಹಳ ವರ್ಷ ಸಿಟ್ಟಿಟ್ಟುಕೊಂಡಿದ್ದಳು.

ಸ್ವಂತ ತಾಲ್ಲೂಕಿಗೆ ಪೋಸ್ಟಿಂಗ್ ಸಿಗುವುದಿಲ್ಲ. ಅಪ್ಪನ ಕಾಯಿಲೆಯ ಕಾರಣ ಹೇಳಿ, ಕಂಡವರ ಕೈಕಾಲು ಹಿಡಿದು ತಾತ್ಕಾಲಿಕವಾಗಿ ಬಂದಿದ್ದಳು. ಅಪ್ಪ ಈ ಬೇಸಿಗೆಯಲ್ಲಿ ಹೋದ. ನಾಲಿಗೆ ಬೀಳುವ ಮುಂಚೆ ಕೊನೆಯದಾಗಿ ಕೇಳಿದ್ದು ನಯನಾ ಬಂದಳಾ ಎಂದು.

ಮಧ್ಯಾಹ್ನ ಹಾಸನದಿಂದ ದೊಡ್ಡ ಸಾಹೇಬರು ಬರುವವರಿದ್ದರು. ಅವರಿಗೆ ಆ ಸ್ಟೀಲ್ ಪಟ್ಟಿ ತನ್ನ ಅಕ್ಕನ ಕೈಯದೆಂದು ಹೇಳಲೇಬೇಕು, ಹೇಳಿದ ಕೂಡಲೇ ಕೇಸು ಅವಳ ಕೈತಪ್ಪುತ್ತದೆ. ಅಷ್ಟರೊಳಗೆ ಅಕ್ಕನನ್ನು ಅಲ್ಲಿ ಕೂರಿಸಿದವರು ಯಾರೆಂದು ತಿಳಿಯಬೇಕಿತ್ತು. ಬರಿಗೈಯಲ್ಲಿ ಹೋಗಿ ಅಮ್ಮನಿಗೆ ನಿನ್ನ ಮಗಳು ಸತ್ತಿದ್ದಾಳೆ ಎಂದಷ್ಟೇ ಹೇಳುವ ಶಕ್ತಿ ಅವಳಿಗಿರಲಿಲ್ಲ.

ಆಡಳಿತ ಕಚೇರಿಯ ಗೋಡೆಗೆ ಮೂವತ್ತು ವರ್ಷ ಮುಂದಕ್ಕೆಂದು ಬರೆದ ಕಾಲೇಜಿನ ನಕ್ಷೆಯನ್ನು ಗಾಜು ಹಾಕಿಸಿ ನೇತುಹಾಕಿದ್ದರು. ಯಾವ ಕಟ್ಟಡ ಎಲ್ಲಿ ಏಳಬೇಕು, ಯಾವ ರಸ್ತೆ ಎಲ್ಲಿ ತಿರುಗಬೇಕು, ಮಳೆನೀರು ಹರಿದು ಯಾವ ಕಟ್ಟೆ ಸೇರಬೇಕು, ಎಲ್ಲವೂ ಬಣ್ಣಬಣ್ಣದಲ್ಲಿ. ಈಜುಕೊಳ ಕೂಡ ಇತ್ತು. ಕುಡಿಯುವುದಕ್ಕೆ ಟ್ಯಾಂಕರ್ ನೀರು ತರಿಸುವ ಕಾಲೇಜಿಗೆ ಈಜುಕೊಳ ಬರೆಯಬೇಕಾದರೆ ಎದೆಗಾರಿಕೆ ಬೇಕು.

ಟ್ರಸ್ಟಿನ ಕಾರ್ಯದರ್ಶಿ ರೇವಣಸಿದ್ದಪ್ಪ ಅದೇ ಗೋಡೆಯ ಕೆಳಗೆ ಶತಪಥ ಹಾಕುತ್ತಿದ್ದರು. ಕೊಬ್ಬರಿ ಮಂಡಿಯ ಯಜಮಾನರು, ಯಾವ ಮಾತನ್ನೂ ಸುತ್ತಿ ಬಳಸಿ ಆಡುವವರಲ್ಲ.

"ಮೇಡಂ, ಕಾಂಕ್ರೀಟಿನವರು ಕಾದು ಕೂತಿದ್ದಾರೆ. ಜಾಗ ಯಾವಾಗ ಬಿಟ್ಟುಕೊಡ್ತೀರಿ?"

"ಹೆಣ ಸಿಕ್ಕಿದೆ ಯಜಮಾನ್ರೇ."

"ಯಾರೋ ಹಿಂದಿನ ಕಾಲದವರು ಇರ್ಬೇಕು. ನಮ್ಮ ಪದ್ಧತಿಯಲ್ಲೇ ಆಗಿದೆಯಲ್ಲ. ಸ್ವಾಮಿಗಳನ್ನ ಕರೆಸಿ, ಶಾಂತಿ ಮಾಡಿಸಿ, ಬೇರೆ ಕಡೆ ಸಮಾಧಿ ಮಾಡಿಸ್ತೀನಿ."

"ಗೇಟಿನ ಪಕ್ಕದ ಜಾಗ. ಇಷ್ಟು ವರ್ಷ ಅಲ್ಲಿ ಏನೂ ಯಾಕೆ ಕಟ್ಟಲಿಲ್ಲ?"

ರೇವಣಸಿದ್ದಪ್ಪನವರ ಮುಖ ಹುಳ್ಳಗಾಯಿತು. "ಆ ಉದಯನನ್ನ ಕೇಳಿ. ಸಭಾಂಗಣ ಅಲ್ಲೇ ಆಗ್ಲಿ ಅಂತ ಬಡ್ಕೊಂಡೆ. ಕ್ಯಾಂಟೀನ್ ಅಂದೆ. ಕೊನೆಗೆ ಸ್ಕೂಟರ್ ಸ್ಟ್ಯಾಂಡ್ ಆದ್ರೂ ಮಾಡಪ್ಪಾ ಅಂದೆ. ಮಣ್ಣು ಸಡಿಲ, ಭಾರ ತಡಿಯಲ್ಲ ಅಂತ ಒಂದೇ ಪಟ್ಟು. ನಕ್ಷೆ ಎಷ್ಟು ಸಲ ತಿದ್ದಿದ್ರೂ ಅದೊಂದು ಮಾತ್ರ ಬಯಲು. ಈಗ ನೋಡಿದ್ರೆ ಅವನೇ ಬಂದು, ಹುಡುಗಿಯರ ಹಾಸ್ಟೆಲ್ ಅಲ್ಲೇ ಆಗ್ಬೇಕು ಅಂತ ಹಟ ಹಿಡಿದ."

"ಯಾವಾಗ?"

"ಈ ಬೇಸಿಗೇಲಿ. ಮಣ್ಣು ಏನಾಯ್ತಪ್ಪಾ ಅಂದ್ರೆ, ಈಗ ಗಟ್ಟಿಯಾಗಿದೆ ಅಂದ. ನನಗೂ ನಗು ಬಂತು. ಹಾಳಾಗ್ಲಿ, ಕಟ್ಟಿದ್ರೆ ಸಾಕು ಅಂತ ಸಹಿ ಹಾಕ್ದೆ."

ಶಿಲ್ಪಶ್ರೀ ಮನಸ್ಸಿನಲ್ಲೇ ಅವರ ಹೆಸರನ್ನು ಹೊಡೆದುಹಾಕಿದಳು. ಅಲ್ಲಿ ಅಗೆಯಲು ಇಷ್ಟು ವರ್ಷ ಅಂಗಲಾಚಿದವರು ಅಲ್ಲೇನಿದೆ ಎಂದು ತಿಳಿದವರಾಗಿರಲು ಸಾಧ್ಯವಿಲ್ಲ. ಉಳಿದವನು ಒಬ್ಬನೇ.

ನೀರಿನ ಟ್ಯಾಂಕಿನ ಪಕ್ಕದ ತಗಡಿನ ಕೋಣೆಯಲ್ಲಿ ಉದಯಕುಮಾರ್ ಕೂತಿದ್ದ. ಕಾಲೇಜಿನ ಎಂಜಿನಿಯರ್. ಜಾವಗಲ್ಲಿನವನು, ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಮೂರು ದಿನದ ಗಡ್ಡ ಬೆಳೆದಿತ್ತು. ಅವಳು ಮಧುಕುಮಾರನನ್ನು ಹೊರಗೇ ನಿಲ್ಲಿಸಿ ಒಳಗೆ ಹೋದಾಗ ಎದ್ದು ನಿಂತು ಕುರ್ಚಿ ಒರೆಸಿ ಕೊಟ್ಟ.

"ಮಣ್ಣು ಸಡಿಲ ಅಂತ ಹೇಳ್ತಾ ಬಂದವರು ನೀವು. ಜೆಸಿಬಿ ಹಲ್ಲು ಮುರಿದಿದೆ."

"ಹೌದು."

"ಏನೂ ಕಾಣೋಕೆ ಮುಂಚೆನೇ ಕೈ ಎತ್ತಿದ್ರಿ."

"ಹೌದು. ಬಕೆಟ್ ತಾಗಿಬಿಡುತ್ತೆ ಅನ್ನಿಸ್ತು."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವನನ್ನು ಅವಳು ಸರ್ವಿಸಿನಲ್ಲಿ ಕಂಡಿರಲಿಲ್ಲ. ಜಗ್ಗಾಡಲು ಸಿದ್ಧಳಾಗಿ ಬಂದವಳು ನೇರವಾಗಿ ಕೊನೆಯ ಮಾತಿಗೇ ಬಂದಳು.

"ಕೊರಳಲ್ಲಿರೋ ಲಿಂಗದ ಕರಡಿಗೆ ತೆಗೀರಿ."

ಉದಯಕುಮಾರ್ ಅಂಗಿಯ ಮೇಲೆ ಕೈಯಿಟ್ಟುಕೊಂಡ. ಇದಕ್ಕೆ ಮಾತ್ರ ಅವನು ಹೌದೆನ್ನಲಿಲ್ಲ.

"ಸತ್ತವಳ ಕೈಲಿ ಲಿಂಗ ಇತ್ತು," ಎಂದಳು ಶಿಲ್ಪಶ್ರೀ. "ಅವಳು ಲಿಂಗ ಕಟ್ಟೋ ಮನೆಯವಳಲ್ಲ. ಹಾಗಾದ್ರೆ ಅದು ಇನ್ಯಾರದೋ ಕೊರಳಿಂದ ಬಂದಿದ್ದು. ಹುಟ್ಟಿದಾಗ ಗುರುಗಳು ಕೊಟ್ಟಿದ್ದು ಸಾಯೋವರೆಗೂ ಮೈಮೇಲಿರಬೇಕು, ಯಾರಿಗೂ ಕೊಡೋ ಹಾಗಿಲ್ಲ ಅಂತಾರೆ. ಅಂಥದ್ದನ್ನ ಕೊಟ್ಟವರು ಯಾರು ಅಂತ ನೋಡಬೇಕು. ತೆಗೀರಿ."

ಅವನು ದಾರವನ್ನು ತಲೆಯ ಮೇಲಿಂದ ತೆಗೆದು, ಬೆಳ್ಳಿಯ ಕರಡಿಗೆಯನ್ನು ಮೇಜಿನ ಮೇಲಿಟ್ಟ. ಮುಚ್ಚಳ ತೆರೆಯದೆ ಕೈ ಹಿಂದೆಗೆದ. ಅವಳೇ ತೆರೆದಳು. ಒಳಗೆ ಏನೂ ಇರಲಿಲ್ಲ.

"ಯಾವತ್ತಿಂದ?"

"ಅವತ್ತಿಂದ."

"ಇನ್ನೊಂದು ತಗೊಳ್ಳಲಿಲ್ವಾ?"

"ಗುರುಗಳ ಮುಂದೆ ಹೋಗಿ ಏನಂತ ಹೇಳ್ಲಿ ಮೇಡಂ? ನಮ್ಮಮ್ಮ ಇರೋವರೆಗೂ ದಿನಾ ಬೆಳಿಗ್ಗೆ ಬಾಗಿಲು ಹಾಕ್ಕೊಂಡು ಖಾಲಿ ಅಂಗೈಗೆ ವಿಭೂತಿ ಹಚ್ಚಿ ಕೂತಿರ್ತಿದ್ದೆ. ಪೂಜೆ ಆಯ್ತು ಅಂತ ಹೊರಗೆ ಬಂದು ತಿಂಡಿ ತಿಂತಿದ್ದೆ."

ಶಿಲ್ಪಶ್ರೀ ಕರಡಿಗೆಯ ಮುಚ್ಚಳ ಮುಚ್ಚಿ ಅವನ ಕಡೆಗೆ ಸರಿಸಿದಳು. ಇವನ ಕೊರಳಪಟ್ಟಿ ಹಿಡಿಯಬೇಕೆಂದು ಬಂದವಳು ಅವಳು. ಈಗ ನೋಡಿದರೆ ಈ ಲೋಕದಲ್ಲಿ ತನ್ನಷ್ಟೇ ಅಕ್ಕನಿಗಾಗಿ ಅತ್ತವನು ಇನ್ನೊಬ್ಬನಿದ್ದ.

"ಅವಳ ಹೆಸರು ಹೇಳಿ."

"ನಿಮಗೆ ಗೊತ್ತು. ನಿಮ್ಮ ಎದೆ ಮೇಲಿನ ಹೆಸರು ಓದಿದ ದಿನದಿಂದ ನೀವು ಈ ಬಾಗಿಲಿಗೆ ಬರೋದನ್ನೇ ಕಾಯ್ತಿದ್ದೆ. ನಡೆಯೋದು ಕೂಡ ನಯನಾ ನಡೆದ ಹಾಗೇ ನಡೀತೀರಿ."

"ನಿಮ್ಮಿಬ್ಬರ ಮದುವೆ ಆಗಿತ್ತಾ?"

"ಅವತ್ತೇ ಆಯ್ತು," ಎಂದ ಉದಯಕುಮಾರ್.

ಅವಳು ಮುಖ ಬೇರೆ ಕಡೆ ತಿರುಗಿಸಿದಳು. ಅವನು ಕಣ್ಣು ಒರೆಸಿಕೊಂಡು ಮುಂದುವರಿಸಿದ.

"ಆಗ ಇದೆಲ್ಲ ತೆಂಗಿನ ತೋಟ. ಟ್ರಸ್ಟಿನವರು ಹೊಸದಾಗಿ ಕೊಂಡಿದ್ರು, ಅಳೆಯೋಕೆ ನನ್ನ ಹಾಕಿದ್ರು. ಬೇಲಿ ಆಚೆ ನಿಮ್ಮ ತೋಟ. ನೀರು ಕೇಳೋಕೆ ಹೋಗಿ ಪರಿಚಯ ಆಯ್ತು. ಒಂದ್ಸಲ ಹಳೇಬೀಡಿಗೆ ಹೋದ್ವಿ, ದೇವಸ್ಥಾನ ನೋಡಲೇ ಇಲ್ಲ. ಹುಲ್ಲಿನ ಮೇಲೆ ಕಾಲೇಜಿನ ನಕ್ಷೆ ಹರಡ್ಕೊಂಡು ಕೂತ್ವಿ. ಹುಡುಗಿಯರ ಹಾಸ್ಟೆಲ್ ನಾನು ಹಿಂದಿನ ಮೂಲೆಗೆ ಹಾಕಿದ್ದೆ, ಭದ್ರವಾಗಿರ್ಲಿ ಅಂತ. ಅವಳು ನಕ್ಕುಬಿಟ್ಲು. ಬಸ್ಸಿಳಿದು ಕತ್ತಲಲ್ಲಿ ಅಷ್ಟು ದೂರ ನಡಿಯೋಳು ನೀನಾ, ಗೇಟಿನ ಪಕ್ಕಕ್ಕೆ ತಾ ಅದನ್ನ, ಅಂದ್ಲು. ಬೆರಳಿಟ್ಟು ತೋರಿಸಿದ್ದು ಅದೇ ಜಾಗ."

"ಈಗ ಅಗೆದ ಜಾಗ?"

"ಅದೇ. ಈ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಅನುಕೂಲ ಅಂತ ಏನೇನಿದೆಯೋ ಅದೆಲ್ಲ ಅವಳು ಹೇಳಿದ್ದು. ನಾನು ಗೆರೆ ಎಳೆದೆ ಅಷ್ಟೆ."

"ಅವಳನ್ನ ಕೊಂದವರು ಯಾರು?"

"ಯಾರೂ ಕೊಲ್ಲಲಿಲ್ಲ. ಹಾವು ಕಚ್ಚಿತ್ತು." ಅವನು ಅದನ್ನು ಎಷ್ಟು ವರ್ಷಗಳಿಂದ ನಂಬಿದ್ದನೋ ಅಷ್ಟೇ ನಂಬಿಕೆಯಿಂದ ಹೇಳಿದ. "ಅವತ್ತು ಓಟಿನ ದಿನ. ತೋಟದಲ್ಲಿ ಆಳು ಇರಲಿಲ್ಲ. ಜಾತಿ ಬೇರೆ ಅಂತ ಒಪ್ಪದೇ ಇದ್ದವರು, ಮದುವೆ ಮಾತಾಡೋಣ ಬಾ ಅಂತ ನನ್ನ ಕರೆಸಿದ್ರು. ಜಾವಗಲ್ಲಿನಲ್ಲಿ ಓಟು ಹಾಕಿ ಬರೋಣ ಅಂತ ನಿಂತೆ, ಸಾಲು ಉದ್ದ ಇತ್ತು, ತಡ ಆಯ್ತು. ನಾನು ಬಂದಾಗ ಅವಳು ಬೇಲಿ ಪಕ್ಕ ಮಲಗಿದ್ಲು. ಮೈ ಬೆಚ್ಚಗಿತ್ತು, ಉಸಿರಿರಲಿಲ್ಲ. ಕಾಲಲ್ಲಿ ಎರಡು ಚುಕ್ಕೆ ತೋರಿಸಿದ್ರು. ನಾನು ಸರಿಯಾಗಿ ನೋಡಲೂ ಇಲ್ಲ."

"ತೋರಿಸಿದ್ರು ಅಂದ್ರೆ ಯಾರು?"

ಉದಯಕುಮಾರ್ ಮೇಜಿನ ಮೇಲಿದ್ದ ಕರಡಿಗೆಯನ್ನು ಕೈಗೆತ್ತಿಕೊಂಡ.

"ಕೂತ ಹಾಗೇ ಗೂಡಿಗೆ ಇಳಿಸೋದು ಒಬ್ಬನ ಕೈಲಿ ಆಗೋ ಕೆಲಸ ಅಲ್ಲ," ಎಂದಳು ಶಿಲ್ಪಶ್ರೀ. "ಇನ್ನೊಂದು ಕಡೆ ಹಿಡಿದಿದ್ದು ಯಾರು?"

"ಮನೆಗೆ ಹೋಗಿ ವಿಭೂತಿ ತಂದೆ, ಬಿಲ್ವ ತಂದೆ. ಲಿಂಗ ಕೊಟ್ಟೆ. ಗಂಡಿನ ಕಡೆಯದು ಅಷ್ಟು. ಹೆಣ್ಣಿನ ಕಡೆಯದು ಅವರು ಮಾಡಿದ್ರು."

"ಏನು ಮಾಡಿದ್ರು?"

"ಮಡಿಲು ತುಂಬಿದ್ರು."

ಹಾಸನದ ಡಾಕ್ಟರು ಫೋನಿನಲ್ಲಿ ಹೇಳಿದ್ದು ಅವಳಿಗೆ ನೆನಪಾಯಿತು. ತೊಡೆ ಮೂಳೆಗಳ ನಡುವೆ ತೆಂಗಿನ ಚಿಪ್ಪು, ಹಸಿರು ಗಾಜಿನ ಬಳೆಗಳು. ಕೈಯಿಂದ ಜಾರಿ ಬಿದ್ದಿರಬೇಕೆಂದು ಡಾಕ್ಟರು ಅಂದುಕೊಂಡಿದ್ದರು. ಅವಳೂ ಅಷ್ಟಕ್ಕೇ ಬಿಟ್ಟಿದ್ದಳು. ಗಂಡನ ಮನೆಗೆ ಹೊರಡುವ ಹುಡುಗಿಯ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಳೆ ಇಡುತ್ತಾರೆ. ತಮ್ಮ ಕಡೆ ಅದನ್ನು ಗಂಡಸರು ಮಾಡುವುದಿಲ್ಲ. ಹೆತ್ತವಳು ಮಾಡುತ್ತಾಳೆ.

ಕೇಳಬಾರದು ಅನ್ನಿಸಿದರೂ ಕೇಳಿದಳು. "ಯಾರು?"

"ನಿಮ್ಮಮ್ಮ. ಬಳೆಗೆ ಅಂಗಡಿಗೆ ಹೋಗೋ ಹಾಗಿರ್ಲಿಲ್ಲ. ತಮ್ಮ ಕೈಯವನ್ನೇ ಬಿಚ್ಚಿ ಇಟ್ಟರು."

ಹೊರಗೆ ಪೀರಿಯಡ್ ಬೆಲ್ ಹೊಡೆಯಿತು. ಹುಡುಗಿಯರು ಮಾತಾಡುತ್ತಾ ತಗಡಿನ ಕೋಣೆಯ ಪಕ್ಕದಲ್ಲೇ ಹಾದುಹೋದರು. ಶಿಲ್ಪಶ್ರೀ ಕುರ್ಚಿಯ ಕೈ ಹಿಡಿದು ಕೂತೇ ಇದ್ದಳು.

"ಪೊಲೀಸಿಗೆ ಹೇಳೋಣ ಅಂದೆ ನಾನು," ಎಂದ ಉದಯಕುಮಾರ್. "ಹೆಣ ಕುಯ್ತಾರೆ, ಯಾರ ಜೊತೆ ತೋಟದಲ್ಲಿದ್ಲು ಅಂತ ಊರೆಲ್ಲ ಆಡ್ಕೊಳ್ಳುತ್ತೆ, ಇನ್ನೊಂದು ಹೆಣ್ಣುಮಗು ಬೆಳೀಬೇಕು ನಮ್ಮನೇಲಿ ಅಂದ್ರು. ಅದು ನೀವು. ನಿಮ್ಮ ತಂದೆಗೂ ಹೇಳಬಾರದು ಅಂತ ಭಾಷೆ ತಗೊಂಡ್ರು. ಆಮೇಲೆ ಕೇಳಿದ್ದು ಒಂದೇ. ಇವಳ ಮೇಲೆ ಗೋಡೆ ಬರಬಾರದು, ನೀನಿರೋವರೆಗೂ ನೋಡ್ಕೋ ಅಂದ್ರು."

"ಅದಕ್ಕೇ ಇಲ್ಲೇ ಉಳಿದ್ರಾ?"

"ಮೂವತ್ತು ವರ್ಷದ ನಕ್ಷೆ ಬೇಕು ಅಂತ ಟ್ರಸ್ಟಿಗೆ ಹೇಳಿದ್ದು ನಾನೇ. ಎಲ್ಲರೂ ದೂರದೃಷ್ಟಿ ಅಂತ ಹೊಗಳಿ ಶಾಲು ಹೊದಿಸಿದ್ರು. ಐದು ವರ್ಷಕ್ಕೆ ಬರೆದಿದ್ರೆ ಐದೇ ವರ್ಷಕ್ಕೆ ಯಾರಾದ್ರೂ ಅಗೀತಿದ್ರು. ಅಷ್ಟೇ ನನ್ನ ದೂರದೃಷ್ಟಿ."

"ಮತ್ತೆ ಈಗ ಯಾಕೆ ಅಗೆಸಿದ್ರಿ?"

"ನಿಮ್ಮಮ್ಮನೇ ಬಂದ್ರು. ನಿಮ್ಮ ತಂದೆ ತಿಥಿ ಮುಗಿದ ಮಾರನೇ ದಿನ. ಇನ್ನು ತೆಗೆಸು, ಅಂದ್ರು. ಯಾಕೆ ಅಂತ ನಾನೂ ಕೇಳಿದೆ. ಹೇಳಲಿಲ್ಲ. ಸ್ಟೇಷನ್ನಿಗೆ ಬಂದು ಬಾಯಿಬಿಡೋ ಧೈರ್ಯ ಇಬ್ಬರಿಗೂ ಇರಲಿಲ್ಲ, ಮೆಷಿನ್ನೇ ತೆಗೀಲಿ ಅಂದ್ಕೊಂಡ್ವಿ."

ಅಮ್ಮ, ಅಪ್ಪ ಇರುವವರೆಗೂ ಮುಚ್ಚಿಟ್ಟು, ಅಪ್ಪ ಹೋದ ಮೇಲೆ ತೆಗೆಸಿದ್ದಾಳೆ. ಪೊಲೀಸ್ ಬುದ್ಧಿ ತನ್ನ ಪಾಡಿಗೆ ತಾನು ಲೆಕ್ಕ ಕೂಡಿಸಿತು, ಮಗಳ ಮನಸ್ಸು ಬೇಡವೆಂದರೂ ನಿಲ್ಲಲಿಲ್ಲ. ಹಾವೇ ಕಚ್ಚಿದ್ದರೆ, ಗಂಡ ಸಾಯುವವರೆಗೂ ಹೆಂಡತಿ ಹೀಗೆ ಬಾಯಿ ಮುಚ್ಚಿಕೊಂಡು ಕಾಪಾಡಿದ್ದು ಯಾರನ್ನು? ಆ ಫೋಟೋ, ಆ ಬಸ್ ಸ್ಟ್ಯಾಂಡುಗಳು, ರಾತ್ರಿ ಊಟಕ್ಕೆ ಕೂತಾಗ ಬಾಗಿಲ ಕಡೆಗೆ ನೋಡುತ್ತಿದ್ದ ಅಪ್ಪ. ಅದೆಲ್ಲ ನಾಟಕವಾಗಿದ್ದರೆ ತನಗೆ ಇನ್ನು ಈ ಭೂಮಿಯ ಮೇಲೆ ನಂಬಲು ಏನೂ ಉಳಿಯುವುದಿಲ್ಲ ಅನ್ನಿಸಿತು ಅವಳಿಗೆ.

ಮಧುಕುಮಾರ್ ಬಾಗಿಲು ತಟ್ಟಿದ.

"ಮೇಡಂ, ನಿಮ್ಮ ತಾಯಿ ಬಂದವ್ರೆ. ಬೇಲಿ ದಾಟ್ಕೊಂಡು ನೇರ ಗುಂಡಿ ಹತ್ರಕ್ಕೇ ಹೋದ್ರು. ಬ್ಯಾಡ ಅಮ್ಮಾ ಅಂದ್ರೂ ಕೇಳಲಿಲ್ಲ."

ಬೋರಮ್ಮ ಅಗೆದು ಹಾಕಿದ ಮಣ್ಣಿನ ಗುಡ್ಡೆಯ ಮೇಲೆ ಬಿಸಿಲಲ್ಲೇ ಕೂತಿದ್ದಳು. ಗುಂಡಿಯೊಳಗೆ ಈಗ ಏನೂ ಇರಲಿಲ್ಲ, ಆದರೂ ಅದರೊಳಗೇ ನೋಡುತ್ತಿದ್ದಳು. ಮಗಳು ಬಂದದ್ದು ತಿಳಿದರೂ ತಲೆ ಎತ್ತಲಿಲ್ಲ.

ಶಿಲ್ಪಶ್ರೀಗೆ ಬೇರೆ ಪ್ರಶ್ನೆ ಯಾವುದೂ ಹೊಳೆಯಲಿಲ್ಲ. "ಅಪ್ಪನೇ ಮಾಡಿದ್ನಾ, ಅಮ್ಮ?"

"ನಿಮ್ಮಪ್ಪನ ಹೆಸ್ರು ಎತ್ತಬ್ಯಾಡ." ಬೋರಮ್ಮನ ದನಿ ಸಣ್ಣಗಿತ್ತು. "ಆ ಮನ್ಸಂಗೆ ಏನೂ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಊರೂರು ತಿರುಗ್ತಿತ್ತಾ? ಸಾಯಾಗಂಟ ಹುಡುಕ್ತು. ಕಣ್ಣೆದ್ರುಗೇ ಹುಡುಕ್ತು."

"ನೋಡ್ಕೊಂಡು ಸುಮ್ನಿದ್ಯಲ್ಲ. ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಆಮೇಲೆ ನನ್ನ ಮಖ ನೋಡ್ತಿತ್ತಾ?"

ಶಿಲ್ಪಶ್ರೀ ಯೂನಿಫಾರ್ಮಿನಲ್ಲಿದ್ದೇನೆಂಬುದನ್ನೂ ಮರೆತು ಅಮ್ಮನ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತಳು. ಗೇಟಿನ ಕಡೆಯಿಂದ ಹಾಸನದ ಜೀಪು ಒಳಗೆ ತಿರುಗುತ್ತಿತ್ತು.

"ಬರ್ಕಳಪ್ಪ," ಎಂದಳು ಬೋರಮ್ಮ ಮಧುಕುಮಾರನಿಗೆ. "ಎರಡು ಸಲ ಹೇಳಾಕೆ ನನ್ನ ಕೈಲಾಗಾಕಿಲ್ಲ. ಮೊದ್ಲು ನನ್ನ ಹೆಸ್ರು ಬರಿ."

ಮಧುಕುಮಾರ್ ಪೆನ್ನು ಹಿಡಿದು ಮೇಡಂ ಮುಖ ನೋಡಿದ. ಅವಳು ಬರೆ ಎನ್ನುವ ಮೊದಲೇ ಬೋರಮ್ಮ ಶುರುಮಾಡಿದಳು.

"ಅವತ್ತು ಕಾಫಿ ಕಾಯ್ಸಿದ್ದು ನಾನು. ತೆಂಗಿಗೆ ಹೊಡಿಯಾ ಔಷ್ದಿ ಒಂದು ಲೋಟಕ್ಕೆ ಹಾಕಿದ್ದೂ ನಾನೇ. ಹೊತ್ತಾಯ್ತು, ಬರಬೇಕಾದೋರು ಬರ್ಲಿಲ್ಲ. ಆರೋಯ್ತದೆ ಅಂತ ಅವ್ಳೇ ಎತ್ಕೊಂಡ್ಲು. ನಾನು ಕೊಟ್ಟಿಗೇಲಿದ್ದೆ."

ಅವಳು ಆಗ ತಲೆ ಎತ್ತಿದಳು. ನೋಡಿದ್ದು ಮಗಳನ್ನಲ್ಲ. ಅವರ ಹಿಂದೆಯೇ ಬಂದು, ಖಾಲಿ ಕರಡಿಗೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದ ಉದಯಕುಮಾರನನ್ನು.

"ಆ ಲೋಟ ನಾನು ಅವ್ಳಿಗೆ ಅಂತ ಇಟ್ಟಿದ್ದಲ್ಲ ಕಣಪ್ಪ."